12 ವಾರಗಳ ಅಷ್ಟಾಂಗಯೋಗ ಕೋರ್ಸ್: ಧಾರಣೆಯ ಪಾಠ ಅಮೂಲ್ಯ, ಸಮಾಧಿಯ ತೀರ್ಪು ಅವಸರದ್ದು

ಪತಂಜಲಿಯ ಯೋಗಸೂತ್ರಗಳನ್ನು ಆಧಾರವಾಗಿಟ್ಟುಕೊಂಡು ಯಮದಿಂದ ಸಮಾಧಿಯವರೆಗಿನ ಎಂಟು ಅಂಗಗಳನ್ನು 12 ವಾರಗಳಲ್ಲಿ ಕಲಿಸುವ ಒಂದು ಆನ್‌ಲೈನ್ ಕೋರ್ಸಿಗೆ ಸೇರಿ, ಒಂದು ದಿನವೂ ತಪ್ಪಿಸದೆ ಅದನ್ನು ಮುಗಿಸಿದ್ದೇನೆ. ವಾರಕ್ಕೆ ಎರಡು ಪಾಠಗಳು, ಪ್ರತಿದಿನ ಕೇಳುತ್ತ ಕೂರಬೇಕಾದ ಒಂದು ಧ್ವನಿಮುದ್ರಿಕೆ, ವಾರದ ಕೊನೆಗೆ ಪ್ರಶ್ನೋತ್ತರ, ಜೊತೆಗೆ ಮೂಲ ಸೂತ್ರಗಳೂ ಕನ್ನಡ ತಾತ್ಪರ್ಯವೂ ಇರುವ ಒಂದು ಕೈಪಿಡಿ, ಇಷ್ಟನ್ನು ಕೋರ್ಸ್ ಒದಗಿಸುತ್ತದೆ. ನಡೆಸುವವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದರಲ್ಲಿ ನಾನು ಕಂಡ ಗುಣವೂ ದೋಷವೂ ಇಂಥದೇ ಬೇರೆ ಕೋರ್ಸುಗಳಿಗೆ ಸೇರಬೇಕೆಂದಿರುವವರಿಗೆ ಉಪಯೋಗಕ್ಕೆ ಬರಬಹುದೆಂಬ ಕಾರಣಕ್ಕೆ ವಿವರವಾಗಿ ಬರೆಯುತ್ತಿದ್ದೇನೆ.

ಆರಂಭ ನನಗೆ ತುಂಬ ಹಿಡಿಸಿತು. ಯೋಗವೆಂದರೆ ಚಿತ್ತವೃತ್ತಿಗಳ (ಮನಸ್ಸಿನ ಚಟುವಟಿಕೆಗಳ) ನಿರೋಧ ಎಂಬ ಎರಡನೆಯ ಸೂತ್ರವನ್ನು ಹೇಳಿ ಮುಂದಕ್ಕೆ ಓಡದೆ, ವೃತ್ತಿಗಳು ಯಾವುವು ಎಂಬುದಕ್ಕೆ ಮೊದಲ ವಾರವನ್ನು ಪೂರ್ತಿಯಾಗಿ ಮೀಸಲಿಟ್ಟಿದ್ದರು. ಪ್ರಮಾಣ (ಸರಿಯಾದ ಜ್ಞಾನ), ವಿಪರ್ಯಯ (ತಪ್ಪು ಜ್ಞಾನ), ವಿಕಲ್ಪ (ಬರಿಯ ಮಾತಿನಿಂದ ಹುಟ್ಟುವ ಕಲ್ಪನೆ), ನಿದ್ರೆ, ಸ್ಮೃತಿ (ನೆನಪು) ಎಂಬ ಐದರಲ್ಲಿ ನಿದ್ರೆಯೂ ಒಂದು ವೃತ್ತಿಯೇ ಎಂಬ ಮಾತನ್ನು ಬಹಳ ಜನ ಗಮನಿಸದೆ ದಾಟಿಬಿಡುತ್ತಾರೆ. ಇಲ್ಲಿ ಅದನ್ನು ಯೋಗಸೂತ್ರಗಳ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯದ ವಿವರಣೆಯೊಂದಿಗೆ ತಿಳಿಸಿದರು. ಎದ್ದ ಮೇಲೆ ‘ಸುಖವಾಗಿ ಮಲಗಿದ್ದೆ’ ಎಂದೋ, ‘ಮೈ ಭಾರವಾಗಿದೆ, ಚಿತ್ತ ದಣಿದಿದೆ, ಯಾರೋ ಕದ್ದೊಯ್ದಂತಿದೆ’ ಎಂದೋ ನೆನಪಿಸಿಕೊಳ್ಳುತ್ತೇವೆ. ಅನುಭವಿಸದೇ ಇದ್ದುದನ್ನು ನೆನಪಿಸಿಕೊಳ್ಳಲಾಗದು. ಆದ್ದರಿಂದ ನಿದ್ರೆಯಲ್ಲಿಯೂ ಚಿತ್ತ ಏನನ್ನೋ, ಅಂದರೆ ಅಭಾವದ ಪ್ರತ್ಯಯವನ್ನು (ಏನೂ ಇಲ್ಲವೆಂಬ ಅರಿವನ್ನು), ಹಿಡಿದುಕೊಂಡೇ ಇತ್ತು ಎಂದು ಭಾಷ್ಯಕಾರರು ತರ್ಕಿಸುತ್ತಾರೆ. ಈ ಪಾಠವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಮಾತು ಮತ್ತೆ ಬರುತ್ತದೆ. ಕ್ಷಿಪ್ತ (ಚಂಚಲ), ಮೂಢ (ಮಂಕು), ವಿಕ್ಷಿಪ್ತ (ಆಗಾಗ ಮಾತ್ರ ನಿಲ್ಲುವ), ಏಕಾಗ್ರ, ನಿರುದ್ಧ (ಪೂರ್ತಿ ನಿಂತ) ಎಂಬ ಐದು ಚಿತ್ತಭೂಮಿಗಳ, ಅಂದರೆ ಚಿತ್ತದ ನೆಲೆಗಳ, ಪರಿಚಯವೂ ಅದೇ ವಾರದಲ್ಲಿ ಆಯಿತು. ಕೊನೆಯ ಎರಡು ಭೂಮಿಗಳಲ್ಲಿ ಆಗುವ ಸಮಾಧಿ ಮಾತ್ರ ಯೋಗವೆನಿಸಿಕೊಳ್ಳುತ್ತದೆ, ವಿಕ್ಷಿಪ್ತ ಚಿತ್ತದಲ್ಲಿ ಆಗಾಗ ಬಂದುಹೋಗುವ ಸ್ಥಿರತೆಗೆ ಆ ಹೆಸರು ಸಲ್ಲುವುದಿಲ್ಲ ಎಂಬುದನ್ನು ಮೊದಲಲ್ಲೇ ಸ್ಪಷ್ಟಪಡಿಸಿದ್ದು ಒಳ್ಳೆಯದಾಯಿತು.

ಎರಡನೆಯ ವಾರ ನಿರಾಸೆ ತಂದಿತು. ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯ, ಅಪರಿಗ್ರಹ (ಬೇಡದ್ದನ್ನು ಕೂಡಿಡದಿರುವುದು) ಎಂಬ ಐದು ಯಮಗಳನ್ನೂ, ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ ಎಂಬ ಐದು ನಿಯಮಗಳನ್ನೂ ಒಂದೇ ವಾರದಲ್ಲಿ ಮುಗಿಸಿದರು. ಜಾತಿ, ದೇಶ, ಕಾಲ, ಸಮಯ (ಸಂದರ್ಭ) ಎಂಬ ಯಾವ ಮಿತಿಯೂ ಇಲ್ಲದೆ ಪಾಲಿಸಿದಾಗ ಯಮಗಳು ಮಹಾವ್ರತವಾಗುತ್ತವೆ ಎಂದು ಸೂತ್ರಕಾರರು ಇಷ್ಟು ಗಂಭೀರವಾಗಿ ಹೇಳಿರುವ ವಿಷಯವನ್ನು ಪೀಠಿಕೆಯ ಮಟ್ಟಕ್ಕೆ ಇಳಿಸಬಾರದಿತ್ತು. ಕೂತ ಮೇಲೆ ಮನಸ್ಸು ಯಾವುದರ ಹಿಂದೆ ಓಡುತ್ತದೆ ಎಂಬುದನ್ನು ನಾಲ್ಕು ದಿನ ಗಮನಿಸಿದರೂ ಸಾಕು, ಹಿಂದಿನ ದಿನ ಆಡಿದ ಒಂದು ಸುಳ್ಳು, ಉಳಿಸಿಕೊಂಡ ಒಂದು ಕೋಪ, ಬೇಡದೆ ಕೂಡಿಟ್ಟ ಒಂದು ವಸ್ತು ಅಲ್ಲಿ ಕಾಣಿಸಿಕೊಳ್ಳುತ್ತವೆ. ಯಮಗಳು ಧ್ಯಾನಕ್ಕೆ ಬೇಕಾಗುವುದು ಈ ಕಾರಣಕ್ಕೆ. ಇಷ್ಟು ನೇರವಾದ ಸಂಬಂಧವನ್ನು ಪಾಠದಲ್ಲಿ ತೋರಿಸಲಿಲ್ಲ.

ಆಸನದ ವಾರದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸ್ಥಿರವೂ ಸುಖವೂ ಆದದ್ದು ಆಸನ ಎಂಬ ಸೂತ್ರವನ್ನು ಇಟ್ಟುಕೊಂಡು, ಯಾವ ಭಂಗಿಯ ಹೆಸರನ್ನೂ ಸೂತ್ರಕಾರರು ಹೇಳಿಲ್ಲ, ಪದ್ಮಾಸನ, ವೀರಾಸನ, ಭದ್ರಾಸನ ಮೊದಲಾದ ಹೆಸರುಗಳು ಬರುವುದು ಭಾಷ್ಯದಲ್ಲಿ ಎಂದು ತಿಳಿಸಿ, ಪ್ರಯತ್ನವನ್ನು ಸಡಿಲಿಸಿ ಕೂರುವುದನ್ನು ಅಭ್ಯಾಸ ಮಾಡಿಸಿದರು. ಪ್ರಾಣಾಯಾಮದ ಎರಡು ವಾರಗಳೂ ಹಿತಮಿತವಾಗಿದ್ದವು. ಉಸಿರನ್ನು ಬಲವಂತವಾಗಿ ಕಟ್ಟುವುದಕ್ಕೆ ಯಾರನ್ನೂ ಪ್ರೇರೇಪಿಸಲಿಲ್ಲ. ಮನಸ್ಸಿಗೆ ಧಾರಣೆಯ ಯೋಗ್ಯತೆ ಬರುವುದು ಪ್ರಾಣಾಯಾಮದ ಫಲ ಎಂಬ ಸೂತ್ರವನ್ನು ಮತ್ತೆ ಮತ್ತೆ ನೆನಪಿಸಿ, ಮುಂದಿನ ಮೆಟ್ಟಿಲಿನ ಕಡೆಗೆ ಕಣ್ಣಿಡುವಂತೆ ಮಾಡಿದರು. ಇಂದ್ರಿಯಗಳನ್ನು ವಿಷಯಗಳಿಂದ ಹಿಂದೆಗೆಯುವ ಪ್ರತ್ಯಾಹಾರವನ್ನು ವಿವರಿಸುವಾಗ ಭಾಷ್ಯದ ಜೇನ್ನೊಣದ ಹೋಲಿಕೆಯನ್ನು ಬಳಸಿದರು. ರಾಜನೊಣ ಹಾರಿದರೆ ಉಳಿದ ನೊಣಗಳೆಲ್ಲ ಹಾರುತ್ತವೆ, ಅದು ಕೂತರೆ ಅವೂ ಕೂರುತ್ತವೆ. ಹಾಗೆಯೇ ಚಿತ್ತ ನಿಂತರೆ ಇಂದ್ರಿಯಗಳು ನಿಲ್ಲುತ್ತವೆ. ಕಿವಿ ಮುಚ್ಚಿ ಕಣ್ಣು ಬಿಗಿದು ಇಂದ್ರಿಯಗಳೊಡನೆ ಒಂದೊಂದಾಗಿ ಹೋರಾಡುತ್ತಿದ್ದ ನನಗೆ ಈ ಒಂದು ಹೋಲಿಕೆಯಿಂದ ಅಭ್ಯಾಸದ ದಾರಿಯೇ ಬದಲಾಯಿತು.

ಈ ಕೋರ್ಸಿನ ಸಾರವೆಲ್ಲ ಇರುವುದು ಏಳನೆಯ ವಾರದಿಂದ ಒಂಬತ್ತನೆಯ ವಾರದವರೆಗೆ. ಮೂರನೆಯ ಪಾದದ ಮೊದಲ ಮೂರು ಸೂತ್ರಗಳು ಧಾರಣೆ, ಧ್ಯಾನ, ಸಮಾಧಿಗಳನ್ನು ಒಂದರ ಹಿಂದೆ ಒಂದರಂತೆ ನಿರೂಪಿಸುತ್ತವೆ. ಚಿತ್ತವನ್ನು ಒಂದು ಎಡೆಯಲ್ಲಿ ಕಟ್ಟುವುದು ಧಾರಣೆ. ಆ ಎಡೆ ನಾಭಿಚಕ್ರವಾಗಬಹುದು, ಹೃದಯಕಮಲವಾಗಬಹುದು, ಮೂಗಿನ ತುದಿಯಾಗಬಹುದು, ಹೊರಗಿನ ಒಂದು ವಸ್ತುವೂ ಆಗಬಹುದು ಎನ್ನುತ್ತದೆ ಭಾಷ್ಯ. ಕೋರ್ಸಿನಲ್ಲಿ ಮೂಗಿನ ತುದಿಯನ್ನು ಆರಿಸಿಕೊಂಡು, ಎರಡು ವಾರ ಅದನ್ನು ಬಿಟ್ಟು ಬೇರೆ ಯಾವುದಕ್ಕೂ ಹೋಗದಂತೆ ನೋಡಿಕೊಂಡರು. ಧ್ವನಿಮುದ್ರಿಕೆಯಲ್ಲಿ ಮಾತು ತೀರ ಕಡಿಮೆ. ಮೊದಲ ದಿನ ಐದೈದು ನಿಮಿಷಕ್ಕೊಮ್ಮೆ ಒಂದು ಸಣ್ಣ ಎಚ್ಚರಿಕೆಯ ಮಾತು, ವಾರದ ಕೊನೆಗೆ ಆದಿಯಲ್ಲೊಂದು ಅಂತ್ಯದಲ್ಲೊಂದು ಘಂಟೆಯ ನಾದ, ನಡುವೆ ಪೂರ್ತಿ ಮೌನ. ಚಿತ್ತ ಜಾರಿದ್ದನ್ನು ಲೆಕ್ಕ ಹಾಕಬೇಡಿ, ಜಾರಿದೆ ಎಂದು ತಿಳಿದ ಆ ಕ್ಷಣವನ್ನು ಗುರುತಿಸಿ ಮರಳಿ ಬನ್ನಿ ಎಂಬ ಸೂಚನೆಯಿಂದ ನನಗೆ ಬಹಳ ಪ್ರಯೋಜನವಾಯಿತು.

ಧಾರಣೆ ಧ್ಯಾನವಾಗುವುದನ್ನು ವಿವರಿಸಿದ ಬಗೆಯೂ ಅಷ್ಟೇ ಚೆನ್ನಾಗಿತ್ತು. ಆ ಎಡೆಯಲ್ಲಿಯೇ ಪ್ರತ್ಯಯ ಒಂದೇ ಸಮನೆ ಹರಿಯುವುದು, ನಡುವೆ ಬೇರೆ ಪ್ರತ್ಯಯ ಬಂದು ಸೋಕದಿರುವುದು ಧ್ಯಾನ. ಧಾರಣೆಯಲ್ಲಿ ಹನಿ ಹನಿಯಾಗಿ ಬೀಳುತ್ತಿದ್ದದ್ದು ಇಲ್ಲಿ ಎಣ್ಣೆಯ ಧಾರೆಯಂತೆ ಇಳಿಯುತ್ತದೆ. ಧ್ಯಾನವೆಂಬ ಬೇರೊಂದು ಕೆಲಸವನ್ನು ಹೊಸದಾಗಿ ಶುರುಮಾಡಬೇಕಾಗಿಲ್ಲ, ಹಿಡಿದದ್ದನ್ನು ಬಿಡದೆ ಹಿಡಿದರೆ ಅದೇ ಮಾಗಿ ಧ್ಯಾನವಾಗುತ್ತದೆ ಎಂಬುದು ನನಗೆ ಓದಿನಿಂದ ಗೊತ್ತಿದ್ದರೂ ಅಭ್ಯಾಸದಲ್ಲಿ ಅರ್ಥವಾದದ್ದು ಈ ವಾರಗಳಲ್ಲಿ. 12 ಪ್ರಾಣಾಯಾಮಗಳ ಕಾಲ ನಿಂತರೆ ಒಂದು ಧಾರಣೆ, 12 ಧಾರಣೆಗಳು ಒಂದು ಧ್ಯಾನ, 12 ಧ್ಯಾನಗಳು ಒಂದು ಸಮಾಧಿ ಎಂಬ ಪುರಾಣದ ಲೆಕ್ಕವನ್ನೂ ಪ್ರಸ್ತಾಪಿಸಿದರು. ಪತಂಜಲಿ ಇಂಥ ಅಳತೆಯನ್ನು ಕೊಟ್ಟಿಲ್ಲ. ಆದರೆ ಒಂದೊಂದು ಹಂತವೂ ಹಿಂದಿನದಕ್ಕಿಂತ ಎಷ್ಟು ದೂರದಲ್ಲಿದೆ ಎಂಬ ಅಂದಾಜು ಅದರಿಂದ ಸಿಗುತ್ತದೆ.

ಸಮಾಧಿಯ ಪಾಠಗಳು ವಿವರಣೆಯ ಮಟ್ಟಿಗೆ ಉತ್ತಮವಾಗಿವೆ ಎಂದು ಒಪ್ಪಲೇಬೇಕು. ಧ್ಯಾನವೇ ವಸ್ತುಮಾತ್ರವಾಗಿ ಬೆಳಗುತ್ತ, ತನ್ನ ಸ್ವರೂಪವೇ ಇಲ್ಲವೇನೋ ಎಂಬಂತಾಗುವುದು ಸಮಾಧಿ. ಈ ‘ಎಂಬಂತೆ’ ಎಂಬುದಕ್ಕೆ ಮೂಲದಲ್ಲಿರುವ ‘ಇವ’ ಎಂಬ ಸಣ್ಣ ಪದದ ಮೇಲೆ ಅವರು ಬೆರಳಿಟ್ಟು ತೋರಿಸಿದರು: ಚಿತ್ತ ಅಳಿದುಹೋಗುವುದಿಲ್ಲ, ಧ್ಯಾನಿಸುತ್ತಿದ್ದೇನೆ ಎಂಬ ಅರಿವು ಮಾತ್ರ ಹಿಂದೆ ಸರಿಯುತ್ತದೆ. ನಿರ್ಮಲವಾದ ಸ್ಫಟಿಕ ತನ್ನ ಬಳಿಯಿರುವ ವಸ್ತುವಿನ ಬಣ್ಣವನ್ನು ತಾಳುವಂತೆ ಚಿತ್ತ ತಾನು ಹಿಡಿದ ವಸ್ತುವಿನ ಆಕಾರವನ್ನು ತಾಳುವುದು ಸಮಾಪತ್ತಿ. ‘ಗೋವು’ ಎಂಬ ಶಬ್ದ, ಗೋವು ಎಂಬ ಅರ್ಥ, ಗೋವಿನ ಜ್ಞಾನ, ಈ ಮೂರೂ ಕಲಸಿಕೊಂಡಿದ್ದರೆ ಅದು ಸವಿತರ್ಕ. ಸ್ಮೃತಿ ಶುದ್ಧಿಯಾಗಿ ಶಬ್ದದ ನೆನಪು ಕಳಚಿ ವಸ್ತು ಮಾತ್ರ ಉಳಿದರೆ ನಿರ್ವಿತರ್ಕ. ಇದೇ ಭೇದ ಸೂಕ್ಷ್ಮ ವಿಷಯಗಳಲ್ಲಿ ಸವಿಚಾರ, ನಿರ್ವಿಚಾರವಾಗುತ್ತದೆ. ಆನಂದ ಮತ್ತು ಅಸ್ಮಿತೆ (‘ನಾನಿದ್ದೇನೆ’ ಎಂಬ ಭಾವ) ಎಂಬ ಹಂತಗಳಲ್ಲಿಯೂ ಇಂಥ ಜೋಡಿಗಳನ್ನು ಎಣಿಸಿ ಸಮಾಪತ್ತಿಗಳು ಒಟ್ಟು ಎಂಟು ಎನ್ನುವ ವಾಚಸ್ಪತಿಮಿಶ್ರರಿಗೂ, ಅದನ್ನು ಒಪ್ಪದೆ ಆರು ಎನ್ನುವ 16ನೆಯ ಶತಮಾನದ ವಿಜ್ಞಾನಭಿಕ್ಷುವಿಗೂ ಇರುವ ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ಮೆಟ್ಟಿಲುಗಳ ಎಣಿಕೆಯಲ್ಲೇ ದೊಡ್ಡ ವ್ಯಾಖ್ಯಾನಕಾರರು ಬೇರೆ ಬೇರೆ ಮಾತು ಹೇಳಿದ್ದಾರೆಂದು ತಿಳಿದ ಕಲಿಯುವವರು ತಮ್ಮ ಅನುಭವಕ್ಕೆ ಹೆಸರಿಡುವಾಗ ತುಸು ತಡೆದು ಯೋಚಿಸುತ್ತಾರೆ.

ದುರದೃಷ್ಟವೆಂದರೆ, ಕಲಿಸುವವರು ಹೆಸರಿಡುವಾಗ ತಡೆಯಲಿಲ್ಲ. ಹತ್ತನೆಯ ವಾರದ ಪ್ರಶ್ನೋತ್ತರದಲ್ಲಿ ಸಹಪಾಠಿಯೊಬ್ಬರು, ಅರ್ಧ ಗಂಟೆ ಯಾವ ಯೋಚನೆಯೂ ಇರಲಿಲ್ಲ, ಹೊತ್ತು ಹೋದದ್ದೂ ತಿಳಿಯಲಿಲ್ಲ ಎಂದು ಹೇಳಿದರು. ಕಲಿಸುವವರು ಒಂದು ಮರುಪ್ರಶ್ನೆಯನ್ನೂ ಕೇಳದೆ ಅದನ್ನು, ಎಲ್ಲ ವೃತ್ತಿಗಳೂ ನಿಂತುಹೋಗುವ ಅಸಂಪ್ರಜ್ಞಾತ ಸಮಾಧಿಯ ಸ್ಪರ್ಶ ಎಂದು ಘೋಷಿಸಿದರು. ನನಗೆ ಬಹಳ ಸಂಕಟವಾಯಿತು. ಏಕೆಂದರೆ ಅದರ ಹಿಂದಿನ ವಾರವೇ ನನಗೂ ಹಾಗೆಯೇ ಆಗಿತ್ತು, ನಾನೂ ಅದನ್ನು ದೊಡ್ಡದೆಂದೇ ಭಾವಿಸಿ ಎರಡು ದಿನ ಹಿಗ್ಗಿದ್ದೆ. ಮೂರನೆಯ ದಿನ ಗಮನವಿಟ್ಟು ನೋಡಿದಾಗ ಘಂಟೆಯ ನಾದ ಕೇಳುವ ಹೊತ್ತಿಗೆ ಕತ್ತು ಬಾಗಿತ್ತು, ಮೈ ಭಾರವಾಗಿತ್ತು, ಚಿತ್ತ ಮಂಕಾಗಿತ್ತು. ಮೊದಲ ವಾರದಲ್ಲಿ ಇವರೇ ಕಲಿಸಿದ ನಿದ್ರಾವೃತ್ತಿಯ ಲಕ್ಷಣಗಳು ಒಂದೂ ತಪ್ಪದೆ ಅಲ್ಲಿದ್ದವು. ಆ ಸಹಪಾಠಿಯ ಅನುಭವವೂ ಅದೇ ಆಗಿತ್ತೆಂದು ನಾನು ಹೇಳಲಾರೆ. ಆದರೆ ಎದ್ದಾಗ ಮೈ ಹಗುರವಾಗಿತ್ತೇ, ಚಿತ್ತ ತಿಳಿಯಾಗಿತ್ತೇ, ಆಲಂಬನ (ಚಿತ್ತ ಹಿಡಿದ ಆಧಾರ) ಯಾವಾಗ ಕೈತಪ್ಪಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಬಹುದಿತ್ತು. ಅಸಂಪ್ರಜ್ಞಾತಕ್ಕೆ ಪರವೈರಾಗ್ಯವೇ (ಅತ್ಯುನ್ನತ ವೈರಾಗ್ಯವೇ) ಉಪಾಯವೆಂದು ಭಾಷ್ಯ ಸಾರುತ್ತದೆ, ಸಂಸ್ಕಾರ (ಹಿಂದಿನ ಅನುಭವದ ಅಚ್ಚು) ಮಾತ್ರ ಉಳಿಯುವ ಸ್ಥಿತಿ ಅದೆಂದು ಸೂತ್ರ ಹೇಳುತ್ತದೆ. ಹತ್ತು ವಾರದ ಅಭ್ಯಾಸಿಗೆ ಅದನ್ನು ದಯಪಾಲಿಸಿದರೆ ಆತನ ಮುಂದಿನ ದಾರಿಯೇ ಮುಚ್ಚಿಹೋಗುತ್ತದೆ. ಯೋಗಕ್ಕೆ ಅಡ್ಡಿಯಾಗುವ ಒಂಬತ್ತು ಅಂತರಾಯಗಳ ಪಟ್ಟಿಯಲ್ಲಿ ಭ್ರಾಂತಿದರ್ಶನವೂ (ತಪ್ಪಾಗಿ ತಿಳಿಯುವುದೂ) ಇದೆ. ಅದರ ಬೆನ್ನಿಗೇ, ಭೂಮಿಯನ್ನು ಪಡೆಯದಿರುವುದು ಮತ್ತು ಪಡೆದರೂ ಅದರಲ್ಲಿ ನೆಲೆ ನಿಲ್ಲದಿರುವುದು ಎಂಬೆರಡು ಅಂತರಾಯಗಳು ಬರುತ್ತವೆ.

ಕೋರ್ಸಿನ ಆ್ಯಪ್ ಕೂಡ ಇದೇ ದೋಷವನ್ನು ಹೆಚ್ಚಿಸುತ್ತದೆ. ವಾರ ಮುಗಿದ ಕೂಡಲೇ ಆ ಅಂಗದ ಎದುರಿಗೆ ‘ಪೂರ್ಣ’ ಎಂಬ ಗುರುತು ಬೀಳುತ್ತದೆ. ಅಪರಿಗ್ರಹದ ಎದುರಿಗೆ ‘ಪೂರ್ಣ’ ಎಂದಿರುವುದನ್ನು ನೋಡಿದಾಗ ನನ್ನ ಮನಸ್ಸು ಒಪ್ಪಲಿಲ್ಲ. ಸಂಯಮವನ್ನು (ಧಾರಣೆ, ಧ್ಯಾನ, ಸಮಾಧಿ ಮೂರನ್ನೂ ಒಟ್ಟಿಗೆ) ಭೂಮಿಯಿಂದ ಭೂಮಿಗೆ ವಿನಿಯೋಗಿಸಬೇಕು ಎಂಬ ಸೂತ್ರದ ಭಾಷ್ಯದಲ್ಲಿ, ಕೆಳಗಿನ ಭೂಮಿಯನ್ನು ಗೆಲ್ಲದವನು ನಡುವಿನದನ್ನು ಹಾರಿ ಮೇಲಿನದಕ್ಕೆ ಹೋಗಲಾರನು ಎಂದು ಹೇಳಿ, ಈ ಭೂಮಿಯ ನಂತರದ್ದು ಯಾವುದು ಎಂಬುದಕ್ಕೆ ಯೋಗವೇ ಉಪಾಧ್ಯಾಯ ಎಂದಿದ್ದಾರೆ. ಅಭ್ಯಾಸ ದೃಢವಾಗುವುದು ದೀರ್ಘಕಾಲ, ಎಡೆಬಿಡದೆ, ಆದರದಿಂದ ಸೇವಿಸಿದಾಗ ಎಂಬ ಸೂತ್ರವೂ ಕೈಪಿಡಿಯ ಮೊದಲ ಪುಟಗಳಲ್ಲೇ ಅಚ್ಚಾಗಿದೆ. ಪಂಚಾಂಗದ ವಾರ ಉರುಳಿದ್ದರಿಂದ ಒಂದು ಅಂಗ ಸಿದ್ಧಿಸಿತು ಎಂದು ತೋರಿಸುವ ಗುರುತು ಈ ಎರಡು ಮಾತುಗಳಿಗೂ ನೇರ ವಿರುದ್ಧವಾಗಿದೆ. ನಡೆಸುವವರಿಗೆ ಇದನ್ನು ಬರೆದು ತಿಳಿಸಿದ್ದೇನೆ. ಗುರುತಿನ ಬದಲು ‘ಪರಿಚಯವಾಯಿತು’ ಎಂದು ಹಾಕಿದರೂ ಸಾಕೆಂದು ಸೂಚಿಸಿದ್ದೇನೆ.

ಕೊನೆಯ ವಾರ ವಿಭೂತಿಗಳನ್ನೂ (ಯೋಗದಿಂದ ಬರುವ ಸಿದ್ಧಿಗಳನ್ನೂ) ಕೈವಲ್ಯವನ್ನೂ (ಮುಕ್ತಿಯನ್ನೂ) ಮುಟ್ಟಿ ಹೋಗುತ್ತದೆ. ಸಿದ್ಧಿಗಳು ಸಮಾಧಿಗೆ ವಿಘ್ನಗಳು ಎಂಬ ಸೂತ್ರವನ್ನು ಮುಂದಿಟ್ಟು, ಅವುಗಳ ಬಗ್ಗೆ ಕುತೂಹಲ ಕೆರಳಿಸದೆ ಮುಗಿಸಿದ್ದು ಸರಿಯಾಗಿತ್ತು. ಧಾರಣೆ, ಧ್ಯಾನ, ಸಮಾಧಿಗಳು ಹಿಂದಿನ ಐದಕ್ಕಿಂತ ಅಂತರಂಗವಾದರೂ (ಒಳಗಿನ ಅಂಗಗಳಾದರೂ) ಆಲಂಬನವಿಲ್ಲದ ನಿರ್ಬೀಜ ಸಮಾಧಿಗೆ ಅವೂ ಬಹಿರಂಗವೇ (ಹೊರಗಿನ ಅಂಗಗಳೇ) ಎಂಬ ಮಾತಿಗೆ ಇನ್ನೊಂದು ಪಾಠವಾದರೂ ಬೇಕಿತ್ತು.

ಸೂತ್ರಗಳನ್ನು ಓದಿದ್ದು ಅಭ್ಯಾಸಕ್ಕೆ ಕೂರುವುದು ಹೇಗೆಂದು ತಿಳಿಯದವರಿಗೆ, ಅಭ್ಯಾಸವಿದ್ದು ಸೂತ್ರದ ಹಿನ್ನೆಲೆ ಇಲ್ಲದವರಿಗೆ, ಇಬ್ಬರಿಗೂ ಈ ಕೋರ್ಸನ್ನು ಶಿಫಾರಸು ಮಾಡುತ್ತೇನೆ. ಆದರೆ 12 ವಾರದ ಸಾಮಗ್ರಿಯನ್ನು ಒಂದು ವರ್ಷಕ್ಕೆ ಹರಡಿಕೊಳ್ಳಬೇಕು, ಯಮನಿಯಮಗಳಿಗೆ ತಾವೇ ಹೆಚ್ಚು ಕಾಲ ಕೊಡಬೇಕು, ಪ್ರಶ್ನೋತ್ತರದಲ್ಲಿ ಸಿಗುವ ಹೊಗಳಿಕೆಯನ್ನು ಮೊದಲ ವಾರದ ಪಾಠದೊಂದಿಗೆ ಹೋಲಿಸಿ ನೋಡಬೇಕು. ಸಾಮಗ್ರಿ ನಮ್ಮ ಬಳಿಯೇ ಉಳಿಯುವುದರಿಂದ ಇದಕ್ಕೆ ಅಡ್ಡಿಯಿಲ್ಲ. ನಾನು ಕೋರ್ಸ್ ಮುಗಿದ ಮೇಲೆ ಏಳನೆಯ ವಾರದ ಧ್ವನಿಮುದ್ರಿಕೆಗಳಿಗೆ ಹಿಂದಿರುಗಿ ಮೂಗಿನ ತುದಿಯ ಧಾರಣೆಯನ್ನೇ ಮುಂದುವರಿಸಿದ್ದೇನೆ. ಹನ್ನೊಂದನೆಯ ವಾರದವನ್ನು ಇನ್ನೂ ಮತ್ತೆ ತೆರೆದಿಲ್ಲ.