ಡಾಟ್ ಇನ್ ಡೊಮೈನ್: ವರ್ಷಗಳ ಬಳಕೆಯ ನಂತರ ನನ್ನ ಅಭಿಪ್ರಾಯ

ಅಪ್ಪೆಮಿಡಿ ಉಪ್ಪಿನಕಾಯಿ ಮಾರುವ ನಮ್ಮ ಮನೆ ವ್ಯಾಪಾರಕ್ಕೆ ಒಂದು ಡಾಟ್ ಇನ್ ಡೊಮೈನ್ ಇದೆ, ಅಂದರೆ .in ಅಂತ ಕೊನೆಯಾಗುವ ವೆಬ್ ವಿಳಾಸ. ಜತೆಗೆ ಅದೇ ಹೆಸರಿನ ಡಾಟ್ ಕಾಮ್ ಕೂಡ. ವರ್ಷಗಳಿಂದ ಎರಡನ್ನೂ ನವೀಕರಿಸುತ್ತಾ ಬಂದಿದ್ದೇನೆ. ಈ ಮಧ್ಯೆ ವೆಬ್‌ಸೈಟ್ ಮಾಡಿಕೊಡುವವರು ಬದಲಾದರು, ಹೋಸ್ಟಿಂಗ್ (ಸೈಟನ್ನು ಇಡುವ ಸರ್ವರ್ ಜಾಗ) ಬದಲಾಯಿತು, ಇಮೇಲ್ ಸೇವೆಯೂ ಬದಲಾಯಿತು. ಗ್ರಾಹಕರಿಗೆ ಒಂದೂ ಗೊತ್ತಾಗಲಿಲ್ಲ, ಯಾಕೆಂದರೆ ಹೆಸರು ಅದೇ ಇತ್ತು. ಡಾಟ್ ಇನ್ ಬಗ್ಗೆ ನನಗೆ ತೃಪ್ತಿ ಇದೆ. ಆದರೆ ನೋಂದಣಿ ಮಾಡಿಸುವಾಗ ಯಾರೂ ಹೇಳದ ಕೆಲವು ವಿಷಯಗಳಿವೆ.

ಡಾಟ್ ಇನ್ ನಮ್ಮ ದೇಶದ ವಿಳಾಸ. ನಿಕ್ಸಿ ಅನ್ನುವ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. 2005ರಲ್ಲಿ ಇದನ್ನು ಎಲ್ಲರಿಗೂ ಮುಕ್ತ ಮಾಡಿದರು. ಡಾಟ್ ಕಾಮ್ ಹೆಸರುಗಳ ಪಟ್ಟಿ ಇರುವುದು ಅಮೆರಿಕದ ವೆರಿಸೈನ್ ಕೈಯಲ್ಲಿ. ನಾವು ಇವರ ಹತ್ತಿರ ನೇರವಾಗಿ ಹೋಗುವುದಿಲ್ಲ. ನಡುವೆ ಹೆಸರು ನೋಂದಾಯಿಸಿಕೊಡುವ ರಿಜಿಸ್ಟ್ರಾರ್ ಕಂಪನಿಗಳಿವೆ, ಹಣ ಕಟ್ಟುವುದು ಅವರಿಗೆ. ಎಷ್ಟೇ ಕಟ್ಟಿದರೂ ಹೆಸರು ಶಾಶ್ವತವಾಗಿ ನಮ್ಮದಾಗುವುದಿಲ್ಲ. ಕಡಿಮೆ ಅಂದರೆ ಒಂದು ವರ್ಷ, ಜಾಸ್ತಿ ಅಂದರೆ 10 ವರ್ಷ. ಆಮೇಲೆ ಮತ್ತೆ ಕಟ್ಟಬೇಕು.

ಹೆಸರು ಆರಿಸುವಾಗ ನಮ್ಮವರಿಗೆ ಒಂದು ವಿಶೇಷ ತೊಂದರೆ ಇದೆ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ಒಬ್ಬೊಬ್ಬರದು ಒಂದೊಂದು ರೀತಿ. ದೀರ್ಘ ಬಂದಲ್ಲಿ ಒಬ್ಬರು ಎರಡು 'ಎ' ಹಾಕಿದರೆ ಇನ್ನೊಬ್ಬರು ಒಂದೇ ಹಾಕುತ್ತಾರೆ. ಒತ್ತಕ್ಷರ ಬಂದರಂತೂ ಕೇಳುವುದೇ ಬೇಡ. ಹಣ ಕಟ್ಟುವ ಮೊದಲು ಮನೆಯವರಿಗೆಲ್ಲ ಫೋನ್ ಮಾಡಿ ಹೆಸರು ಹೇಳಿದೆ, ಟೈಪ್ ಮಾಡಿ ಕಳಿಸಿ ಅಂದೆ. ಅತ್ತಿಗೆ ಕಳಿಸಿದ್ದೇ ಬೇರೆ, ಚಿಕ್ಕಪ್ಪ ಕಳಿಸಿದ್ದೇ ಬೇರೆ. ಹೆಚ್ಚು ಜನ ಬರೆದ ಸ್ಪೆಲ್ಲಿಂಗನ್ನೇ ತಗೊಂಡೆ, ಎರಡನೆಯದನ್ನೂ ನೋಂದಾಯಿಸಿ ಅದರಿಂದ ಮೊದಲನೆಯದಕ್ಕೆ ದಾರಿ ಕೊಟ್ಟೆ. ಅಡ್ಡಗೀಟು ಇರುವ ಹೆಸರು ಬೇಡವೇ ಬೇಡ. ನಿಯಮದಲ್ಲಿ ಅವಕಾಶ ಇದೆ, 63 ಅಕ್ಷರದವರೆಗೂ ಹೋಗಬಹುದು, ಆದರೆ ಫೋನಿನಲ್ಲಿ ಹೇಳುವಾಗ ಪ್ರಾಣಸಂಕಟ.

ಇನ್ನು ದರ. ಮೊದಲ ವರ್ಷ ದೊಡ್ಡ ಅಕ್ಷರದಲ್ಲಿ ತೋರಿಸುವ ಬೆಲೆಯನ್ನು ನಂಬಿ ಲೆಕ್ಕ ಹಾಕಬೇಡಿ. ಎರಡನೇ ವರ್ಷದ ನವೀಕರಣ ದರವೇ ನಿಜವಾದ ಬೆಲೆ. ಅದನ್ನು ಸಣ್ಣ ಅಕ್ಷರದಲ್ಲಿ ಕೆಳಗೆ ಬರೆದಿರುತ್ತಾರೆ. ಅದರ ಮೇಲೆ 18% ಜಿಎಸ್‌ಟಿ ಬೇರೆ. ಹಣ ಕಟ್ಟುವ ಪುಟ ಬಂದಾಗ ನಿಧಾನವಾಗಿ ಓದಿ. ನಾನು ಸೇರಿಸದ ಇಮೇಲ್ ಪ್ಯಾಕೇಜು, ವೆಬ್‌ಸೈಟ್ ಬಿಲ್ಡರು, ಎಸ್‌ಎಸ್‌ಎಲ್ ಎಲ್ಲಕ್ಕೂ ಮೊದಲೇ ಟಿಕ್ ಹಾಕಿಟ್ಟಿದ್ದನ್ನು ಕಂಡಿದ್ದೇನೆ. ಸೈಟಿನ ಸಂಪರ್ಕವನ್ನು ಸುರಕ್ಷಿತ ಮಾಡುವ ಎಸ್‌ಎಸ್‌ಎಲ್ ಸರ್ಟಿಫಿಕೇಟು ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯ ಕಡೆಯಿಂದ ಉಚಿತವಾಗಿ ಸಿಗುತ್ತದೆ, ಹೆಚ್ಚಿನ ಹೋಸ್ಟಿಂಗ್‌ನವರು ತಾವೇ ಹಾಕಿಕೊಡುತ್ತಾರೆ. ಅದಕ್ಕೆ ಸುಮ್ನೆ ದುಡ್ಡು ಯಾಕೆ ಕೊಡಬೇಕು?

ಎಲ್ಲಕ್ಕಿಂತ ಮುಖ್ಯವಾದದ್ದು, ಹೆಸರು ಯಾರ ಖಾತೆಯಲ್ಲಿದೆ ಅನ್ನುವುದು. ನಮ್ಮ ಸಂಬಂಧಿಕರೊಬ್ಬರ ಹೋಂಸ್ಟೇಗೆ ವೆಬ್‌ಸೈಟ್ ಮಾಡಿಕೊಟ್ಟವನು ಡೊಮೈನನ್ನು ತನ್ನ ಹೆಸರಲ್ಲಿ, ತನ್ನ ಇಮೇಲ್‌ನಲ್ಲಿ ನೋಂದಾಯಿಸಿದ್ದ. ವರ್ಷಾ ವರ್ಷ ಇವರೇ ಹಣ ಕೊಡುತ್ತಿದ್ದರು. ಆತ ಊರು ಬಿಟ್ಟು ಫೋನ್ ಎತ್ತುವುದನ್ನು ನಿಲ್ಲಿಸಿದ ಮೇಲೆ ನೋಡಿದರೆ, ದಾಖಲೆಯಲ್ಲಿ ಇವರ ಹೆಸರೇ ಇಲ್ಲ! ರಿಜಿಸ್ಟ್ರಾರ್‌ಗೆ ಎಷ್ಟು ಬರೆದರೂ ಪ್ರಯೋಜನ ಆಗಲಿಲ್ಲ. ಅವರಿಗೆ ಖಾತೆದಾರನೇ ಗ್ರಾಹಕ. ಕೊನೆಗೆ ಬೇರೆ ಹೆಸರು ತಗೊಂಡು ಬೋರ್ಡು, ವಿಸಿಟಿಂಗ್ ಕಾರ್ಡು ಎಲ್ಲ ಹೊಸದಾಗಿ ಮಾಡಿಸಬೇಕಾಯಿತು. ಆದ್ದರಿಂದ ಕೆಲಸ ಯಾರಿಂದ ಬೇಕಾದರೂ ಮಾಡಿಸಿ, ರಿಜಿಸ್ಟ್ರಾರ್ ಖಾತೆ ಮಾತ್ರ ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರಿನಲ್ಲಿರಲಿ. ಎರಡು ಹಂತದ ಲಾಗಿನ್ ಹಾಕಿ.

ಆ ಇಮೇಲ್ ಕೂಡ ಅದೇ ಡೊಮೈನಿನದು ಆಗಿರಬಾರದು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಅವಧಿ ಮುಗಿದು ಡೊಮೈನ್ ನಿಂತರೆ ಅದರ ಇಮೇಲ್ ಕೂಡ ನಿಲ್ಲುತ್ತದೆ. ಆಗ ನವೀಕರಣದ ನೋಟಿಸ್ ಯಾವ ಇನ್‌ಬಾಕ್ಸ್‌ಗೆ ಬರಬೇಕು? ಪಾಸ್‌ವರ್ಡ್ ಬದಲಾಯಿಸುವ ಲಿಂಕ್ ಎಲ್ಲಿಗೆ ಬರಬೇಕು? ನಾನು ಜಿಮೇಲ್ ವಿಳಾಸ ಕೊಟ್ಟಿದ್ದೇನೆ. ಡಾಟ್ ಕಾಮ್‌ನಲ್ಲಿ ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು ಒಂದು, ಒಂದು ವಾರದ ಮೊದಲು ಇನ್ನೊಂದು ನೋಟಿಸ್ ಕಳಿಸಲೇಬೇಕು ಅಂತ ಐಕ್ಯಾನ್ (ಜಗತ್ತಿನ ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಸಂಸ್ಥೆ) ನಿಯಮವಿದೆ. ರಿಜಿಸ್ಟ್ರಾರ್ ನಿಮ್ಮ ಡೊಮೈನನ್ನು ಪಟ್ಟಿಯಿಂದ ತೆಗೆದುಹಾಕಿದ ಮೇಲೂ 30 ದಿನ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ, ಆದರೆ ಆಗ ಕೇಳುವ ಶುಲ್ಕ ಮಾಮೂಲಿ ದರದ ಎಷ್ಟೋ ಪಟ್ಟು. ಅದೂ ದಾಟಿದರೆ ಐದು ದಿನದಲ್ಲಿ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ. ನಿಮ್ಮ ಡೊಮೈನ್ ಮುಗಿಯಿತು, ಈ ಲಿಂಕಿನಲ್ಲಿ ಹಣ ಕಟ್ಟಿ ಅಂತ ಸುಳ್ಳು ಮೇಲ್‌ಗಳೂ ಬರುತ್ತವೆ. ಲಿಂಕ್ ಒತ್ತದೆ ನೇರವಾಗಿ ಖಾತೆಗೆ ಹೋಗಿ ದಿನಾಂಕ ನೋಡುವುದೇ ಒಳ್ಳೆಯದು.

ನಾನು ಒಮ್ಮೆ ರಿಜಿಸ್ಟ್ರಾರ್ ಬದಲಾಯಿಸಿದ್ದೇನೆ. ನವೀಕರಣ ದರ ಏರುತ್ತಲೇ ಹೋಯಿತು, ಸಹಾಯಕ್ಕೆ ಚಾಟ್ ಮಾಡಿದರೆ ಮಾರಾಟದ ಮಾತೇ ಜಾಸ್ತಿ. ಬದಲಾವಣೆ ನಾನು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಹಳೆಯ ಖಾತೆಯಲ್ಲಿ ಲಾಕ್ ತೆಗೆದು, ವರ್ಗಾವಣೆ ಕೋಡ್ ಪಡೆದು, ಹೊಸ ಕಡೆ ಅದನ್ನು ಕೊಟ್ಟರೆ ಸಾಕು. ಕೆಲವು ದಿನ ಹಿಡಿಯಿತು, ಸೈಟು ಒಂದು ನಿಮಿಷವೂ ನಿಲ್ಲಲಿಲ್ಲ. ಕಟ್ಟಿದ ಹಣಕ್ಕೆ ಅವಧಿಯಲ್ಲಿ ಒಂದು ವರ್ಷ ಸೇರಿತು. ಹೊಸದಾಗಿ ನೋಂದಾಯಿಸಿದ ಡಾಟ್ ಕಾಮ್ ಆದರೆ ಮೊದಲ 60 ದಿನ ಸಾಮಾನ್ಯವಾಗಿ ಬಿಡುವುದಿಲ್ಲ. ಒಂದು ಎಚ್ಚರಿಕೆ: ಹಳೆಯ ರಿಜಿಸ್ಟ್ರಾರ್‌ನ ನೇಮ್‌ಸರ್ವರನ್ನೇ (ನಿಮ್ಮ ಹೆಸರಿನ ಸೈಟು, ಇಮೇಲ್ ಎಲ್ಲಿವೆ ಅಂತ ತಿಳಿಸುವ ಸರ್ವರ್) ಬಳಸುತ್ತಿದ್ದರೆ, ಆ ವಿವರಗಳಿರುವ ಡಿಎನ್‌ಎಸ್ ಪುಟದ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ. ಎ ರೆಕಾರ್ಡು ಸೈಟಿಗೆ, ಎಂಎಕ್ಸ್ ರೆಕಾರ್ಡು ಇಮೇಲ್‌ಗೆ. ಎಂಎಕ್ಸ್ ಬಿಟ್ಟುಹೋದರೆ ಸೈಟು ಚೆನ್ನಾಗಿಯೇ ಕಾಣುತ್ತದೆ, ಆರ್ಡರ್ ಮೇಲ್‌ಗಳು ಮಾತ್ರ ಬರುವುದಿಲ್ಲ.

ಕನ್ನಡ ಲಿಪಿಯಲ್ಲೇ ವಿಳಾಸ ಬೇಕು ಅನ್ನುವವರಿಗೆ ಡಾಟ್ ಭಾರತ ಇದೆ, ಚುಕ್ಕಿಯ ನಂತರದ್ದೂ ಕನ್ನಡ ಅಕ್ಷರದಲ್ಲೇ. ಬ್ರೌಸರಿನಲ್ಲಿ ತೆರೆಯುತ್ತದೆ, ಸ್ಪೆಲ್ಲಿಂಗ್ ಗೊಂದಲವೇ ಇಲ್ಲ. ನೋಡಿದರೆ ಖುಷಿಯಾಗುತ್ತದೆ. ಆದರೆ ಹಲವು ಆನ್‌ಲೈನ್ ಫಾರಂಗಳು ಕನ್ನಡದ ಇಮೇಲ್ ವಿಳಾಸವನ್ನು ತಪ್ಪು ಅಂತ ವಾಪಸ್ ಕಳಿಸುತ್ತವೆ. ಕೆಲವು ಕಡೆ ವಿಳಾಸವನ್ನು ಕಾಪಿ ಮಾಡಿ ಅಂಟಿಸಿದರೆ ಕನ್ನಡ ಮಾಯವಾಗಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಸದ್ಯಕ್ಕೆ ಇಮೇಲ್ ಮತ್ತು ಬಿಲ್ಲುಗಳಿಗೆ ಡಾಟ್ ಇನ್ ಇಟ್ಟುಕೊಳ್ಳಿ, ಕನ್ನಡದ್ದನ್ನು ನೋಂದಾಯಿಸಿ ಅದೇ ಸೈಟಿಗೆ ತಿರುಗಿಸಿ.