ರಾಗಿಯ ಕಥೆಗೆ ನಾಲ್ಕು ಆಪ್‌ಗಳು: ಪ್ರಾಥಮಿಕ ತರಗತಿಯಲ್ಲಿ ಟ್ಯಾಬ್ ಬಳಸಿ ಮಾಡಿದ ಹೋಲಿಕೆ

ಮಕ್ಕಳ ಸೃಜನಶೀಲತೆಗೆ ಯಾವ ಆಪ್ ಒಳ್ಳೆಯದು ಎಂದು ಸಹೋದ್ಯೋಗಿಗಳು ಕೇಳಿದಾಗಲೆಲ್ಲ, ಒಂದೇ ಪಾಠವನ್ನು ಎಲ್ಲದರಲ್ಲೂ ಮಾಡಿಸಿ ನೋಡದೆ ಉತ್ತರಿಸುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಆದ್ದರಿಂದ ಮೂರರಿಂದ ಐದನೆಯ ತರಗತಿಯವರೆಗಿನ ನಮ್ಮ ಮಕ್ಕಳಿಗೆ ಒಂದೇ ವಿಷಯ ಕೊಟ್ಟೆ: ರಾಗಿ ಬಿತ್ತನೆಯಿಂದ ಮುದ್ದೆಯಾಗುವವರೆಗಿನ ಕಥೆ. ಉಳುಮೆ, ಕಳೆ, ಕೊಯ್ಲು, ಒಕ್ಕಣೆ ಎಲ್ಲವನ್ನೂ ಕಣ್ಣಾರೆ ಕಂಡಿರುವ ಈ ಮಕ್ಕಳು ವಿಷಯ ಗೊತ್ತಿಲ್ಲದೆ ತಡವರಿಸುವ ಸಂಭವ ಕಡಿಮೆ. ಎಲ್ಲಾದರೂ ತಡವರಿಸಿದರೆ ಅದಕ್ಕೆ ಆಪ್ ಕಾರಣವೋ ಬೇರೇನೋ ಎಂದು ಗುರುತಿಸುವುದು ಸುಲಭ. ನಾಲ್ಕು ಮಕ್ಕಳಿಗೆ ಒಂದು ಟ್ಯಾಬ್, ನೆಚ್ಚಿಕೊಳ್ಳಲಾಗದ ಇಂಟರ್ನೆಟ್, ಇವೆರಡೂ ನಮ್ಮ ತರಗತಿಯ ವಾಸ್ತವ. ಮುಂದೆ ಹೇಳುವುದನ್ನೆಲ್ಲ ಈ ಹಿನ್ನೆಲೆಯಲ್ಲಿಯೇ ಓದಬೇಕು.

ಮೊದಲು ಟಕ್ಸ್ ಪೇಂಟ್. 2002ರಿಂದ ಲಭ್ಯವಿರುವ ಈ ಉಚಿತ ಚಿತ್ರ ತಂತ್ರಾಂಶ ಚಿಕ್ಕ ಮಕ್ಕಳನ್ನು ಹೆದರಿಸುವುದಿಲ್ಲ. ಉಳಿಸುವಾಗ ಕಡತಕ್ಕೆ ಹೆಸರು ಕೊಡಬೇಕಾಗಿಲ್ಲ, ತೆರೆಯುವಾಗ ಚಿತ್ರಗಳ ಸಣ್ಣ ರೂಪಗಳನ್ನೇ ನೋಡಿ ಆರಿಸಿಕೊಳ್ಳಬಹುದು. ಆದರೆ ಒಬ್ಬರ ಬೆರಳು ಪರದೆಯ ಮೇಲಿರುವಾಗ ಉಳಿದ ಮೂವರಿಗೆ ಕೆಲಸವಿರಲಿಲ್ಲ. ಸಿದ್ಧ ಮುದ್ರೆಗಳು ಒತ್ತಿದ ಕೂಡಲೇ ಮೂಡುವುದರಿಂದ, ತೆನೆಯ ಬಾಗು ಹೇಗಿರುತ್ತದೆಂದು ನೆನಪಿಸಿಕೊಂಡು ಬಿಡಿಸುವ ಬದಲು ಮಕ್ಕಳು ಹೊಲದ ತುಂಬ ಹೂವು ತುಂಬಿದರು. ಅದೇ ಮಕ್ಕಳು ಹಾಳೆಯ ಮೇಲೆ ಬಣ್ಣದ ಕಡ್ಡಿಯಿಂದ ಬಿಡಿಸಿದ ರಾಗಿ ತೆನೆಯಲ್ಲಿ ಬೆರಳು ಮಡಚಿದಂತಹ ಆಕಾರ ಸ್ಪಷ್ಟವಾಗಿ ಬಂದಿತ್ತು. ಚಿತ್ರ ಬಿಡಿಸುವುದಷ್ಟೇ ಉದ್ದೇಶವಾಗಿದ್ದರೆ, ನಮ್ಮಂತಹ ತರಗತಿಗೆ ಕಾಗದವೇ ಮೇಲು ಎಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಸ್ಕ್ರ್ಯಾಚ್ ಜೂನಿಯರ್‌ನ ಸಂಗತಿ ಬೇರೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ ಮತ್ತು ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಐದರಿಂದ ಏಳು ವರ್ಷದ ಮಕ್ಕಳಿಗೆಂದು ರೂಪಿಸಿದ, ಪಾತ್ರಗಳಿಗೆ ಆಜ್ಞೆ ಕೊಟ್ಟು ಚಲಿಸುವ ಕಥೆ ಕಟ್ಟುವ ಈ ಆಪ್ 2014ರಲ್ಲಿ ಮೊದಲು ಐಪ್ಯಾಡ್‌ಗೆ ಬಂತು, ನಂತರ ಆಂಡ್ರಾಯ್ಡ್‌ಗೂ ಬಂತು. ಆಜ್ಞೆಗಳೆಲ್ಲ ಚಿತ್ರಗಳ ತುಂಡುಗಳಾಗಿರುವುದರಿಂದ ಇಂಗ್ಲಿಷ್ ಓದಲು ಬಾರದ ಮಗುವೂ ಹಿಂದೆ ಬೀಳುವುದಿಲ್ಲ, ಒಮ್ಮೆ ಅಳವಡಿಸಿದ ಮೇಲೆ ಇಂಟರ್ನೆಟ್ಟೂ ಬೇಕಿಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯ ಚಿತ್ರಸಂಕೇತಗಳಿಗೆ ಹೊಂದಿಕೊಂಡಿರುವ ಮಕ್ಕಳಿಗೆ ಈ ತುಂಡುಗಳನ್ನು ಜೋಡಿಸುವುದು ಹೊಸತೆನಿಸಲಿಲ್ಲ.

ಮೂರನೆಯ ತರಗತಿಯ ಒಂದು ಗುಂಪು ಉಳುಮೆಯ ದೃಶ್ಯಕ್ಕೆ ತಾವೇ ಜೋಡೆತ್ತು ಬಿಡಿಸಿ, ಬಲಕ್ಕೆ ಸಾಗುವ ತುಂಡನ್ನು ಇಟ್ಟು, ಚಲನೆ ಶುರು ಮಾಡುವ ಹಸಿರು ಬಾವುಟ ಒತ್ತಿತು. ಎತ್ತುಗಳು ಬಲ ಅಂಚು ದಾಟಿ ಮರೆಯಾಗಿ, ಎಡ ಅಂಚಿನಿಂದ ಮತ್ತೆ ಬಂದವು. ಇದು ಈ ಆಪ್‌ನ ಸಹಜ ನಡವಳಿಕೆ. "ಮಿಸ್, ಎತ್ತು ಹಂಗೆ ಬರಲ್ಲ, ಬದು ಹತ್ರ ತಿರುಗ್ಸಬೇಕು" ಎಂದು ಹುಡುಗಿಯೊಬ್ಬಳು ಹಟ ಹಿಡಿದಳು. ಪರದೆಯ ಮೇಲೆ ಚೌಕಳಿ ತೆರೆದು, ಅಡ್ಡಕ್ಕೆ ಇರುವ 20 ಮನೆಗಳಲ್ಲಿ ಎತ್ತುಗಳು ಎಲ್ಲಿ ನಿಂತಿವೆ, ಬದುವಿಗೆ ಇನ್ನೆಷ್ಟು ಮನೆ ಎಂದು ಎಣಿಸಿ, ಅಷ್ಟೇ ಸಂಖ್ಯೆಯನ್ನು ಬಲಕ್ಕೂ ಎಡಕ್ಕೂ ಕೊಟ್ಟರು. ಎಡಕ್ಕೆ ಹೊರಟಾಗ ಎತ್ತುಗಳ ಮುಖವೂ ತಾನಾಗಿಯೇ ಆ ಕಡೆ ತಿರುಗಿದ್ದನ್ನು ಕಂಡು ಅವರಿಗಾದ ಸಂತೋಷ ದೊಡ್ಡದು. ಅಲ್ಲಿಗೂ ಬಿಡದೆ, ಒಂದು ಸಾಲು ಮುಗಿದ ಮೇಲೆ ಒಂದು ಮನೆ ಕೆಳಗಿಳಿಯಬೇಕೆಂದು ಇನ್ನೊಬ್ಬ ಹೇಳಿದ. ಹೊಲದಲ್ಲಿ ನೋಡಿದ್ದು, ಎಣಿಕೆ, ಕ್ರಮ, ತಪ್ಪನ್ನು ತಾವೇ ಹುಡುಕಿ ತಿದ್ದುವುದು ಎಲ್ಲವೂ ಒಂದೇ ಕಡೆ ಕೂಡಿ ಬಂದ ಇಂತಹ ಚಟುವಟಿಕೆ ನನ್ನ ತರಗತಿಯಲ್ಲಿ ಅಪರೂಪ.

ಒಂದು ಯೋಜನೆಗೆ ನಾಲ್ಕೇ ಪುಟ ಎಂಬ ಮಿತಿ ಮೊದಲು ಕೊರತೆಯಾಗಿ ಕಂಡರೂ ಮಕ್ಕಳಿಗೆ ಅದರಿಂದ ಉಪಕಾರವೇ ಆಯಿತು. ಯಾವ ಹಂತ ಬಿಟ್ಟರೂ ಮುದ್ದೆಯಾಗುತ್ತದೆ, ಯಾವುದನ್ನು ಬಿಟ್ಟರೆ ಆಗುವುದಿಲ್ಲ ಎಂಬ ವಾದ ಬಹಳ ಹೊತ್ತು ನಡೆದು, ಕಳೆ ಕೀಳುವುದನ್ನು ಬಿಡಬಾರದೆಂಬ ಪಕ್ಷ ಗೆದ್ದಿತು. ಸಂಭಾಷಣೆಯನ್ನು ಬರೆಯುವ ಬದಲು ತಮ್ಮ ದನಿಯಲ್ಲೇ ಧ್ವನಿಮುದ್ರಿಸಿದ್ದರಿಂದ, ಮನೆಯ ಮಾತು ಮನೆಯ ಮಾತಾಗಿಯೇ ಉಳಿಯಿತು.

ಸ್ಟಾಪ್ ಮೋಷನ್ ಸ್ಟುಡಿಯೋದಲ್ಲಿ ಪರದೆಯ ಕೆಲಸ ಕಡಿಮೆ, ಕೈಕೆಲಸ ಹೆಚ್ಚು. ವಸ್ತುವನ್ನು ಒಂದಿಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು. ಅವನ್ನೆಲ್ಲ ಒಟ್ಟಿಗೆ ಓಡಿಸಿದಾಗ ಚಲನೆ ಕಾಣುತ್ತದೆ. ಎರಡು ಡೆಸ್ಕುಗಳ ನಡುವಿನ ಸಂದಿಯ ಮೇಲೆ ಟ್ಯಾಬನ್ನು ಮಲಗಿಸಿ, ಕ್ಯಾಮೆರಾ ನೆಲ ನೋಡುವಂತೆ ಮಾಡಿ, ಕೆಳಗೆ ಕೆರೆಯ ಮಣ್ಣು ಹರಡಿದೆವು. ಒಬ್ಬ ಹಸಿರು ಕಾಗದದ ಪೈರನ್ನು ಉಗುರಿನಷ್ಟು ಬೆಳೆಸುತ್ತಾನೆ, ಒಬ್ಬಳು ಗುಂಡಿ ಒತ್ತುತ್ತಾಳೆ, ಒಬ್ಬಳು ಯಾರದೂ ನೆರಳು ಬೀಳದಂತೆ ಕಾಯುತ್ತಾಳೆ, ಒಬ್ಬ ಲೆಕ್ಕ ಬರೆಯುತ್ತಾನೆ. ನಾಲ್ವರಿಗೆ ಒಂದೇ ಟ್ಯಾಬ್ ಎಂಬುದು ಇಲ್ಲಿ ಕೊರತೆಯಾಗಲೇ ಇಲ್ಲ. ಸೆಕೆಂಡಿಗೆ 5 ಫೋಟೋ ಎಂದರೆ 20 ಸೆಕೆಂಡಿಗೆ 100 ಫೋಟೋ ಬೇಕು ಎಂಬ ಗುಣಾಕಾರವನ್ನು ಐದನೆಯ ತರಗತಿಯವರು ಕಪ್ಪುಹಲಗೆಯ ಮೇಲೆ ಮಾಡಿಕೊಂಡೇ ಕೆಲಸಕ್ಕೆ ಇಳಿದರು. ಹಿಂದಿನ ಫೋಟೋ ಪರದೆಯಲ್ಲಿ ಮಸುಕಾಗಿ ಕಾಣುವ ಸೌಲಭ್ಯದಿಂದ, ಜರುಗಿದ ಕಡ್ಡಿಯನ್ನು ಅದರ ಜಾಗಕ್ಕೇ ತಂದು ನಿಲ್ಲಿಸುವುದು ಸಾಧ್ಯವಾಯಿತು.

ತೊಂದರೆಗಳೂ ಇವೆ. ಫ್ಯಾನ್ ಹಾಕುವಂತಿಲ್ಲ, ಮೋಡ ಸರಿದಾಗ ಬೆಳಕು ಬದಲಾಗಿ ದೃಶ್ಯ ಮಿನುಗುತ್ತದೆ, ಒಂದು ಪೀರಿಯಡ್‌ನಲ್ಲಿ ಮುಗಿಯುವ ಮಾತೇ ಇಲ್ಲ, ಆಪ್‌ನ ಕೆಲವು ಸೌಲಭ್ಯಗಳಿಗೆ ಹಣ ಕೊಡಬೇಕು. ಮೂರನೆಯ ತರಗತಿಯವರು ಬೇಗ ಬೇಸತ್ತು ದೊಡ್ಡ ದೊಡ್ಡ ಹೆಜ್ಜೆಯಲ್ಲಿ ಸರಿಸಿದ್ದರಿಂದ ಪೈರು ನೆಗೆನೆಗೆದು ಬೆಳೆಯಿತು.

ಸ್ಟೋರಿವೀವರ್ ಅನ್ನು ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿತು. ಮುಕ್ತ ಪರವಾನಗಿಯ ಚಿತ್ರಗಳನ್ನು ಆರಿಸಿ, ಅವಕ್ಕೆ ಕನ್ನಡದಲ್ಲಿ ಕಥೆ ಬರೆಯುವ ಅವಕಾಶ ಇಲ್ಲಿದೆ. ಬರವಣಿಗೆಯ ಮಟ್ಟಿಗೆ ನಾಲ್ಕರಲ್ಲಿ ಇದೇ ಮುಂದು. ಧ್ವನಿ ಟೈಪಿಂಗ್‌ನಿಂದ ಮೂಡಿದ ವಾಕ್ಯಗಳನ್ನು ಒತ್ತಕ್ಷರ ನೋಡಿ ತಿದ್ದುವ ಕೆಲಸದಲ್ಲಿ ಐದನೆಯ ತರಗತಿಯವರು ತೋರಿದ ಶ್ರದ್ಧೆಯನ್ನು ಕಾಪಿ ಪುಸ್ತಕದಲ್ಲಿ ನಾನು ಕಂಡಿಲ್ಲ. ಆದರೆ ಸಿದ್ಧ ಚಿತ್ರವಿದ್ದ ಕಡೆ ಕಥೆ ಚಿತ್ರದ ಹಿಂದೆ ಹೋಗುತ್ತದೆ. ಕಣದ ಚಿತ್ರ ಕೈಗೆ ಸಿಗದಿದ್ದಾಗ ಮಕ್ಕಳು ಒಕ್ಕಣೆಯನ್ನೇ ಕೈಬಿಟ್ಟು ರೈತನನ್ನು ಸಂತೆಗೆ ಕಳಿಸಿದರು. ಇಂಟರ್ನೆಟ್ ಇಲ್ಲದ ದಿನ ಬರೆಯುವ ಕೆಲಸವೂ ನಿಲ್ಲುತ್ತದೆ.

ಹೀಗಾಗಿ ನನ್ನ ಆಯ್ಕೆ ತರಗತಿಯನ್ನು ನೋಡಿ ಬದಲಾಗುತ್ತದೆ. ಮೂರನೆಯ ತರಗತಿಗೆ ಯಾವ ಅನುಮಾನವೂ ಇಲ್ಲದೆ ಸ್ಕ್ರ್ಯಾಚ್ ಜೂನಿಯರ್. ನಾಲ್ಕು ಮತ್ತು ಐದಕ್ಕೆ ಸ್ಟಾಪ್ ಮೋಷನ್, ಅದಕ್ಕೆ ಬೇಕಾದ ಕಥೆಯನ್ನು ಮಾತ್ರ ಮೊದಲು ನೋಟ್‌ಪುಸ್ತಕದಲ್ಲಿ ಬರೆಸುತ್ತೇನೆ. ಪೋಷಕರಿಗೆ ತಲುಪಿಸುವ ವಿಷಯದಲ್ಲಿಯೂ ಎರಡಕ್ಕೂ ವ್ಯತ್ಯಾಸವಿದೆ: ಸ್ಟಾಪ್ ಮೋಷನ್‌ನಲ್ಲಿ ಮಾಡಿದ್ದು ಸಾಮಾನ್ಯ ವಿಡಿಯೋ ಆಗಿ ಅವರ ವಾಟ್ಸಾಪ್‌ಗೆ ಹೋಗುತ್ತದೆ, ಸ್ಕ್ರ್ಯಾಚ್ ಜೂನಿಯರ್‌ನ ಯೋಜನೆಯಾದರೋ ಅದೇ ಆಪ್‌ನಲ್ಲಿ ತೆರೆಯಬೇಕು, ಹಾಗಾಗಿ ಅದನ್ನು ಪೋಷಕರ ಸಭೆಯ ದಿನ ಮಕ್ಕಳೇ ಟ್ಯಾಬ್ ಹಿಡಿದು ತೋರಿಸುತ್ತಾರೆ. ದಾನಿಗಳು ಇನ್ನೊಂದು ಟ್ಯಾಬ್ ಕೊಡಿಸುತ್ತೇವೆಂದು ಮುಂದೆ ಬಂದರೆ, ಇರುವ ಟ್ಯಾಬ್‌ಗಳಿಗೆ ಅಲುಗಾಡದ ಸ್ಟ್ಯಾಂಡ್ ಮತ್ತು ಬೆಳಕು ಬದಲಾಗದಂತೆ ಒಂದು ಮೇಜಿನ ದೀಪ ಕೊಡಿಸಿ ಎಂದು ಕೇಳುತ್ತೇನೆ.