ಪಿತ್ತನಾಳದ ಸ್ಟೆಂಟ್ ತೆಗೆಸುವ ದಿನಾಂಕ ನಿಮ್ಮ ಕೈಯಲ್ಲಿದೆಯೇ?

ಯಕೃತ್ತಿನಿಂದ ಕರುಳಿಗೆ ಪಿತ್ತ ಹರಿಸುವ ಪಿತ್ತನಾಳಕ್ಕೆ ಇಡುವ ಪ್ಲಾಸ್ಟಿಕ್ ಸ್ಟೆಂಟ್, ಅಂದರೆ ಸಣ್ಣ ಕೊಳವೆ, ಶಾಶ್ವತವಲ್ಲ. ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸಿನಲ್ಲಿ ಅದನ್ನು ತೆಗೆಯಬೇಕು, ಇಲ್ಲವೇ ಬದಲಿಸಬೇಕು. ಇಷ್ಟನ್ನು ಯಾರಾದರೂ ನಮಗೆ ಬಾಯಿಬಿಟ್ಟು ಹೇಳಿದ್ದರೆ ನನ್ನ ಅಕ್ಕ ತೀವ್ರ ನಿಗಾ ಘಟಕದಲ್ಲಿ ಮಲಗಬೇಕಾಗಿರಲಿಲ್ಲ.

ಅವಳ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಒಂದು ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡು ಕಾಮಾಲೆ ಬಂತು. ಇಆರ್‌ಸಿಪಿ ಮಾಡಿದರು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಸಣ್ಣ ಕರುಳಿನಲ್ಲಿ ಪಿತ್ತನಾಳ ತೆರೆದುಕೊಳ್ಳುವ ಜಾಗವನ್ನು ಸ್ವಲ್ಪ ಕೊಯ್ದು ಕಲ್ಲನ್ನು ಹೊರಗೆಳೆದರು. ಪಿತ್ತ ಸರಾಗವಾಗಿ ಹರಿಯಲೆಂದು ಸ್ಟೆಂಟ್ ಇಟ್ಟರು. ಆ ವೈದ್ಯರ ಕೈಚಳಕದ ಬಗ್ಗೆ ನನ್ನ ದೂರಿಲ್ಲ. ಆಮೇಲೆ ಅದೇ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದವರು ಲ್ಯಾಪರೊಸ್ಕೋಪಿಯಲ್ಲಿ ಪಿತ್ತಕೋಶವನ್ನು ತೆಗೆದರು. ಮನೆಗೆ ಕಳುಹಿಸುವಾಗ ಕೊಟ್ಟ ಡಿಸ್ಚಾರ್ಜ್ ಪತ್ರ ಈ ವಿಭಾಗದ್ದು. ಹೊಲಿಗೆ, ಗಾಯದ ಆರೈಕೆ, ಮಾತ್ರೆ ಎಲ್ಲವೂ ಅದರಲ್ಲಿದ್ದವು. ಸ್ಟೆಂಟ್‌ನ ಸುದ್ದಿಯೇ ಇರಲಿಲ್ಲ. ಅವರು ಹೇಳುತ್ತಾರೆಂದು ಇವರು, ಇವರು ಹೇಳುತ್ತಾರೆಂದು ಅವರು.

ಸ್ಟೆಂಟ್‌ನ ಕೆಳತುದಿ ಕರುಳಿಗೆ ಚಾಚಿಕೊಂಡಿರುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಅದರೊಳಗೆ ಏರಿ ಅಂಟಿನ ಪದರ ಕಟ್ಟುತ್ತವೆ, ಅದರ ಮೇಲೆ ಪಿತ್ತದ ಗಸಿ ಕೂರುತ್ತದೆ. ಎರಡು ಮೂರು ಮಿಲಿಮೀಟರ್ ಅಗಲದ ಕೊಳವೆ ಕಟ್ಟಿಕೊಳ್ಳಲು ಇನ್ನೇನು ಬೇಕು? ಇನ್ನೂ ಬಹುಕಾಲ ಬಿಟ್ಟರೆ ಅದರ ಸುತ್ತಲೇ ಹೊಸ ಕಲ್ಲು ಬೆಳೆಯಬಹುದು. ಮೋಸವೆಂದರೆ, ಅಲ್ಲಿಯವರೆಗೆ ನೋವೂ ಇರುವುದಿಲ್ಲ. ಅಕ್ಕ ಆರಾಮವಾಗಿಯೇ ಓಡಾಡಿಕೊಂಡಿದ್ದಳು. ಪಿತ್ತಕೋಶವೇ ಹೋದ ಮೇಲೆ ಕಲ್ಲಿನ ಕಾಟ ಎಲ್ಲಿಂದ ಬರಬೇಕು ಎಂದು ನಾವೆಲ್ಲ ನಿಶ್ಚಿಂತೆಯಿಂದಿದ್ದೆವು.

ಮೊದಲು ಬಂದದ್ದು ನಡುಕದ ಜ್ವರ. ನೋಡಿದ ವೈದ್ಯರು ಸಾಮಾನ್ಯ ಜ್ವರವೆಂದು ಮಾತ್ರೆ ಕೊಟ್ಟರು. ಬಳಿಕ ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವು, ಕಡು ಬಣ್ಣದ ಮೂತ್ರ, ಹಳದಿ ಕಣ್ಣು. ಕೊನೆಗೆ ರಕ್ತದೊತ್ತಡ ಕುಸಿದು, ಮಾತು ತಡಬಡಾಯಿಸತೊಡಗಿತು. ಅಲ್ಟ್ರಾಸೌಂಡ್ ಮಾಡಿದವರು “ಒಳಗೆ ಸ್ಟೆಂಟ್ ಇದೆಯಲ್ಲ, ಯಾವಾಗ ಹಾಕಿಸಿದ್ದು?” ಎಂದು ಕೇಳಿದಾಗಲೇ ನಮಗೆ ಅದರ ಅರಿವಾದದ್ದು. ಪಿತ್ತನಾಳದ ಸೋಂಕು ರಕ್ತಕ್ಕೆ ಹರಡಿತ್ತು. ತುರ್ತಾಗಿ ಮತ್ತೆ ಇಆರ್‌ಸಿಪಿ ಮಾಡಿ, ಕಟ್ಟಿದ್ದ ಸ್ಟೆಂಟ್ ತೆಗೆದು ಬೇರೊಂದನ್ನು ಇಟ್ಟರು. ಹಳೆಯ ಸ್ಟೆಂಟ್‌ನ ಸುತ್ತ ಬೆಳೆದಿದ್ದ ಕಲ್ಲನ್ನು ಒಡೆದು ತೆಗೆದದ್ದು ಸೋಂಕು ತಗ್ಗಿದ ಮೇಲೆ, ಇನ್ನೊಂದು ಸಲ ಒಳಗೆ ಹೋಗಿ. ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಇದು ಚಿಕ್ಕದೊಂದು ಎಂಡೋಸ್ಕೋಪಿಯಲ್ಲಿ ಮುಗಿಯುವ ಕೆಲಸವಂತೆ.

ದೂರು ಕೊಟ್ಟಾಗ ಆಸ್ಪತ್ರೆಯವರು ಹಳೆಯ ಇಆರ್‌ಸಿಪಿ ವರದಿ ತೆರೆದು, ಇಂಗ್ಲಿಷ್ ಸಂಕ್ಷೇಪಾಕ್ಷರಗಳ ನಡುವೆ ಅಡಗಿದ್ದ ಒಂದು ಸಾಲಿಗೆ ಬೆರಳಿಟ್ಟು ತೋರಿಸಿದರು. “ನೀವು ವಿಚಾರಿಸಬೇಕಿತ್ತು” ಎಂದೂ ಹೇಳಿದರು. ಒಳಗೆ ಏನಿದೆ ಎಂದೇ ತಿಳಿಯದವರು ಏನೆಂದು ವಿಚಾರಿಸುವುದು?

ಆದ್ದರಿಂದ ಇಆರ್‌ಸಿಪಿ ಆದವರು ಬಿಡುಗಡೆಯ ಮೊದಲೇ ಕೇಳಿ: ಒಳಗೆ ಏನನ್ನಾದರೂ ಇಟ್ಟಿದ್ದೀರಾ, ಅದು ಪ್ಲಾಸ್ಟಿಕ್ಕೋ ಲೋಹದ್ದೋ, ಯಾವ ತಾರೀಖಿಗೆ ಯಾರು ತೆಗೆಯುತ್ತಾರೆ? ಉತ್ತರವನ್ನು ಡಿಸ್ಚಾರ್ಜ್ ಪತ್ರದ ಮೊದಲ ಪುಟದಲ್ಲಿಯೇ ಬರೆಸಿಕೊಳ್ಳಿ. ಆಸ್ಪತ್ರೆಯಿಂದ ಕರೆ ಬರುತ್ತದೆಂದು ಕಾಯಬೇಡಿ. ಸ್ಟೆಂಟ್ ಇರುವಾಗ ನಡುಕದ ಜ್ವರ ಅಥವಾ ಹಳದಿ ಕಣ್ಣು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಸ್ಟೆಂಟ್ ಇದೆ ಎಂಬುದನ್ನೇ ಮೊದಲು ಹೇಳಿ.

“ಅದು ತಾನಾಗಿಯೇ ಬಿದ್ದುಹೋಗುತ್ತದೆ” ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಿ ಕೂರಬೇಡಿ. ಮೇದೋಜೀರಕ ಗ್ರಂಥಿಯ ನಾಳಕ್ಕೆ ಇಡುವ ಕೆಲವು ಸಣ್ಣ ಸ್ಟೆಂಟ್‌ಗಳು ಹಾಗೆ ಜಾರಿ ಹೋಗುವುದು ನಿಜ. ಅಂಥವು ಹೋಗಿವೆಯೇ ಎಂಬುದನ್ನೂ ಎಕ್ಸ್‌ರೇ ತೆಗೆದು ಖಚಿತಪಡಿಸಿಕೊಳ್ಳುತ್ತಾರೆ.